ಅಭಿಜಿತ್ ನಕ್ಷತ್ರದ ಧೂಳು

ಒಲೆಯಿಂದ ಇಳಿಸಿದ ಕಾವಲಿ ಕತ್ತಲೆಯಲ್ಲಿ ಕಣ್ಣಿಗೆ ಕಾಣದು. ಕೈಯನ್ನು ಹತ್ತಿರ ಒಯ್ದರೆ ಮಾತ್ರ ಅದರ ಇರವು ತಿಳಿಯುತ್ತದೆ. ಹಾಗೆ ತಿಳಿಸುವ ಕಿರಣಗಳಿಗೆ ಅವಕೆಂಪು ಕಿರಣಗಳೆಂದು ಹೆಸರು. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಕೆಂಪು ಬಣ್ಣದ ಆಚೆಗೆ, ಏನೂ ಕಾಣದ ಎಡೆಯಲ್ಲಿ ಉಷ್ಣಮಾಪಕವನ್ನಿಟ್ಟು ಇವನ್ನು ಕಂಡುಹಿಡಿದನು.

ನಕ್ಷತ್ರವೊಂದರ ಸುತ್ತಲಿನ ಧೂಳು ಅದರ ಬೆಳಕನ್ನು ಹೀರಿ, ತುಸು ಬೆಚ್ಚಗಾಗಿ, ಆ ಕಾವನ್ನು ಅವಕೆಂಪು ಕಿರಣಗಳಾಗಿ ಹೊರಸೂಸುತ್ತದೆ. ಬೆಚ್ಚಗೆ ಎಂದರೂ ಸೊನ್ನೆಗಿಂತ ಸುಮಾರು 190 ಡಿಗ್ರಿ ಕೆಳಗೆ! ಇಷ್ಟು ಕ್ಷೀಣವಾದ ಕಾವನ್ನು ನೆಲದ ಮೇಲಿಂದ ಅಳೆಯುವುದು ಬಲುಕಷ್ಟ. ವಾಯುಮಂಡಲದ ನೀರಾವಿ ಈ ಕಿರಣಗಳನ್ನು ತಡೆಯುತ್ತದೆ. ದೂರದರ್ಶಕವೇ ಬೆಚ್ಚಗಿದ್ದರೆ ಅದರ ಕಾವೇ ಎಲ್ಲವನ್ನೂ ಮುಳುಗಿಸುತ್ತದೆ. ಆದುದರಿಂದ 1983ರ ಜನವರಿಯಲ್ಲಿ, ದ್ರವ ಹೀಲಿಯಮ್ಮಿನಿಂದ ತಣಿಸಿದ ದೂರದರ್ಶಕವನ್ನು ಹೊತ್ತು ಐರಾಸ್ ಉಪಗ್ರಹವು ಮೇಲಕ್ಕೇರಿತು.

ಮುಂದಿನ ಸಂಗತಿ ಸ್ವಾರಸ್ಯವಾದುದು. ಉಪಕರಣ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಔಮನ್ ಮತ್ತು ಗಿಲೆಟ್ ಎಂಬ ವಿಜ್ಞಾನಿಗಳು ಅಭಿಜಿತ್ ನಕ್ಷತ್ರವನ್ನು ಆರಿಸಿಕೊಂಡರು. ಪಾಶ್ಚಾತ್ಯರು ವೇಗ ಎಂದು ಕರೆಯುವ, 25 ಜ್ಯೋತಿರ್ವರ್ಷ ದೂರದ ಈ ನಕ್ಷತ್ರ ಬಹುಕಾಲದಿಂದ ಇತರ ನಕ್ಷತ್ರಗಳ ಕಾಂತಿಗೆ ಅಳತೆಗೋಲಾಗಿತ್ತು. ಆದರೆ ಅವಕೆಂಪಿನ ದೀರ್ಘ ತರಂಗಗಳಲ್ಲಿ ಅದರ ಕಾಂತಿ ನಿರೀಕ್ಷೆಗಿಂತ ಹಲವು ಪಟ್ಟು ಹೆಚ್ಚಾಗಿ ಕಂಡಿತು. ತಕ್ಕಡಿಯಲ್ಲಿ ದೋಷವಿರಲಿಲ್ಲ, ತೂಕದ ಕಲ್ಲೇ ಭಾರವಾಗಿತ್ತು! ಆ ಹೆಚ್ಚಳ ನಕ್ಷತ್ರದ್ದಲ್ಲ, ಅದನ್ನು ಸುತ್ತುವ ಧೂಳಿನದು.

ಧೂಳು ಇದ್ದರೇನಂತೆ ಎಂದು ಕೇಳಬಹುದು. ಅಭಿಜಿತ್ತಿಗೆ ಸುಮಾರು 45 ಕೋಟಿ ವರ್ಷ. 460 ಕೋಟಿ ವರ್ಷದ ನಮ್ಮ ಸೂರ್ಯನ ಮುಂದೆ ಎಳೆಯದೇ ಸರಿ. ಆದರೆ ಧೂಳಿನ ಮಟ್ಟಿಗೆ ಅದು ಬಹಳ ದೀರ್ಘಕಾಲ. ಅತಿ ಸಣ್ಣ ಕಣಗಳನ್ನು ಬೆಳಕಿನ ಒತ್ತಡವೇ ಹೊರಕ್ಕೆ ತಳ್ಳಿಬಿಡುತ್ತದೆ. ತುಸು ದೊಡ್ಡವು ಮೆಲ್ಲಮೆಲ್ಲನೆ ಸುರುಳಿಯಾಗಿ ನಕ್ಷತ್ರದತ್ತ ಕುಸಿಯುತ್ತವೆ. ಹುಟ್ಟಿನಿಂದ ಬಂದ ಧೂಳು ಎಂದೋ ತೀರಿಹೋಗಬೇಕಿತ್ತು. ಇಂದಿಗೂ ಇದೆಯೆಂದರೆ, ಧೂಮಕೇತುಗಳಂತಹ ಕಾಯಗಳು ಅಲ್ಲಿ ಪರಸ್ಪರ ಡಿಕ್ಕಿ ಹೊಡೆದು ಪುಡಿಯಾಗುತ್ತ ಹೊಸ ಧೂಳನ್ನು ಒದಗಿಸುತ್ತಿರಬೇಕು. ಗ್ರಹಗಳನ್ನು ಕಟ್ಟುವ ಸಾಮಗ್ರಿಯೂ ಅಂತಹ ಕಾಯಗಳೇ ಅಲ್ಲವೆ?

1984ರಲ್ಲಿ ಸ್ಮಿತ್ ಮತ್ತು ಟೆರಿಲ್ ಚಿಲಿ ದೇಶದ ಲಾಸ್ ಕಂಪಾನಾಸ್ ವೀಕ್ಷಣಾಲಯದಿಂದ ಬೀಟಾ ಪಿಕ್ಟೋರಿಸ್ ನಕ್ಷತ್ರದ ಧೂಳಿನ ಬಿಲ್ಲೆಯನ್ನು ಚಿತ್ರದಲ್ಲಿ ಹಿಡಿದರು. ಅಂಚಿನ ಕಡೆಯಿಂದ ಕಾಣುವುದರಿಂದ ಅದು ಗೆರೆಯಂತಿತ್ತು. ಆ ಬಿಲ್ಲೆಯೊಳಗೆ ಗ್ರಹವೊಂದಿರುವುದು 2010ರಲ್ಲಿ ದೃಢಪಟ್ಟಿತು. ಅಭಿಜಿತ್ತಿನಲ್ಲಿಯೂ ಹೀಗೆಯೇ ಎಂದು ಹಲವರ ಊಹೆ. ಆದರೆ 2024ರಲ್ಲಿ ಪ್ರಕಟವಾದ ವೆಬ್ ದೂರದರ್ಶಕದ ಚಿತ್ರಗಳಲ್ಲಿ ಅದರ ಬಿಲ್ಲೆ ಬಹಳ ನುಣುಪಾಗಿ ಕಂಡಿತು; ದೊಡ್ಡ ಗ್ರಹವೊಂದು ಧೂಳನ್ನು ಗುಡಿಸಿ ದಾರಿ ಮಾಡಿಕೊಂಡ ಸ್ಪಷ್ಟ ಕುರುಹಿರಲಿಲ್ಲ. ಒಂದು ನಕ್ಷತ್ರದ ಧೂಳಿನಲ್ಲಿ ಗ್ರಹ ಮೂಡಿ, ಇನ್ನೊಂದರ ಧೂಳು ಹೀಗೆ ಸಮನಾಗಿ ಹರಡಿಕೊಂಡಿರುವುದೇಕೆ ಎಂಬುದೇ ಈಗ ವಿಜ್ಞಾನಿಗಳ ಮುಂದಿರುವ ಪ್ರಶ್ನೆ.