ಐವತ್ತು ಸೀಟಿನ ಪ್ರೇಕ್ಷಕ ವರ್ಗ

ಗುಬ್ಬಿ ವೀರಣ್ಣನವರ ಕಂಪನಿ ಪರದೆ, ಪೆಟ್ಟಿಗೆ, ನಟ-ನಟಿಯರ ಸಮೇತ ಊರಿಂದ ಊರಿಗೆ ಹೋಗಿ ಕ್ಯಾಂಪು ಹಾಕುತ್ತಿತ್ತು. ನಾಟಕವೇ ಜನರಿದ್ದಲ್ಲಿಗೆ ಬರುತ್ತಿದ್ದ ಕಾಲ ಅದು. ಇಂಗ್ಲೆಂಡಿನಲ್ಲಿ ಇದನ್ನು ತಿರುವುಮುರುವು ಮಾಡಿದ ಪದ್ಧತಿಯೊಂದು ಗಟ್ಟಿಯಾಗಿ ಬೇರುಬಿಟ್ಟಿದೆ. ಲೀಡ್ಸ್, ನಾರಿಚ್, ಬ್ರಿಸ್ಟಲ್ ಕಡೆಯ ಜನ ಶನಿವಾರ ಬೆಳಿಗ್ಗೆ ಕೋಚ್ ಹತ್ತುತ್ತಾರೆ. ಲಂಡನ್ನಿನ ವೆಸ್ಟ್ ಎಂಡ್‌ನಲ್ಲಿ ಒಂದು ನಾಟಕ ನೋಡಿ, ರಾತ್ರಿ ಹೋಟೆಲಿನಲ್ಲಿ ತಂಗಿ, ಭಾನುವಾರ ಸಂಜೆಯ ಹೊತ್ತಿಗೆ ಮನೆ ಸೇರುತ್ತಾರೆ. ಬಸ್ಸು, ಹೋಟೆಲು, ನಾಟಕದ ಟಿಕೆಟ್ಟು ಮೂರನ್ನೂ ಒಂದೇ ಬೆಲೆಗೆ ಕಟ್ಟಿಕೊಡುವ ಇದಕ್ಕೆ ಅಲ್ಲಿಯ ಹೆಸರು ‘ಥಿಯೇಟರ್ ಬ್ರೇಕ್’.

ರೈಲಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ, ಬೇಗವೂ ಹೋಗುತ್ತದೆ. ಆದರೆ ಕೋಚ್ ನಮ್ಮೂರ ಸರ್ಕಲ್ಲಿಗೇ ಬರುತ್ತದೆ. ಹತ್ತಿದ ಮೇಲೆ ಸೂಟ್‌ಕೇಸಿನ ಚಿಂತೆ ಚಾಲಕನದು. ಗಂಡನನ್ನು ಕಳೆದುಕೊಂಡ ಹೆಂಗಸರು, ನಿವೃತ್ತ ಮೇಷ್ಟರು, ಮಹಿಳಾ ಮಂಡಳಿಯವರು, ಹುಟ್ಟುಹಬ್ಬಕ್ಕೆಂದು ಹೊರಟ ತಾಯಿ-ಮಗಳು ಹೀಗೆ ಐವತ್ತು ಚಿಲ್ಲರೆ ಸೀಟು ತುಂಬುತ್ತದೆ. ರಾತ್ರಿ ಹತ್ತೂವರೆಗೆ ಲಂಡನ್ನಿನಲ್ಲಿ ಒಬ್ಬಂಟಿಯಾಗಿ ದಾರಿ ಹುಡುಕಬೇಕಿಲ್ಲ ಎಂಬ ಒಂದೇ ಕಾರಣಕ್ಕೆ ಬರುವವರೂ ಇದ್ದಾರೆ.

ಈ ಎರಡು ದಿನಗಳ ಸೂತ್ರಧಾರ ನಿಜಕ್ಕೂ ಚಾಲಕ. ಅವನ ವಾಹನದಲ್ಲಿ ಟ್ಯಾಕೋಗ್ರಾಫ್ ಎಂಬ ಯಂತ್ರವಿರುತ್ತದೆ. ಓಡಿಸಿದ ಪ್ರತಿ ನಿಮಿಷ, ನಿಂತ ಪ್ರತಿ ನಿಮಿಷ ಅದರಲ್ಲಿ ದಾಖಲಾಗುತ್ತದೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಎರಡು ದಿನಗಳ ಕೆಲಸದ ನಡುವೆ ಹನ್ನೊಂದು ಗಂಟೆ ಬಿಡುವು ಬೇಕು. ಅದನ್ನು ಒಂಬತ್ತಕ್ಕೆ ಇಳಿಸಲು ಅವಕಾಶವಿದ್ದರೂ ಪದೇ ಪದೇ ಇಳಿಸುವಂತಿಲ್ಲ. ಲೀಡ್ಸಿನಿಂದ ಲಂಡನ್ನಿಗೆ ಸುಮಾರು 310 ಕಿಲೋಮೀಟರ್. ಕೋಚಿನ ವೇಗವನ್ನು ಗಂಟೆಗೆ 100 ಕಿಲೋಮೀಟರಿಗೆ ಕಟ್ಟಿಹಾಕಿರುತ್ತಾರೆ. ಇದಿಷ್ಟನ್ನು ಕೂಡಿಸಿ ಕಳೆದರೆ ಇಡೀ ಪ್ರವಾಸದ ನಕ್ಷೆ ತಾನಾಗಿ ಮೂಡುತ್ತದೆ: ಹೆದ್ದಾರಿ ಬದಿಯ ಸರ್ವೀಸಸ್‌ನಲ್ಲಿ ಚಹಾ, ಮಧ್ಯಾಹ್ನ ಎರಡೂವರೆಯ ಮ್ಯಾಟಿನಿ, ಸಂಜೆ ನಗರದಂಚಿನ ಹೋಟೆಲು. ರಾತ್ರಿಯ ಆಟವಾದರೆ ಚಾಲಕ ಸ್ಟೇರಿಂಗ್ ಬಿಡುವಾಗಲೇ ಹನ್ನೊಂದು ಹೊಡೆದಿರುತ್ತದೆ. ಆಗ ಪೂರ್ತಿ ಬಿಡುವು ಕೊಟ್ಟರೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮುಂಚೆ ಕೋಚ್ ಅಲ್ಲಾಡುವುದಿಲ್ಲ. ತಿಂಡಿ ಮುಗಿದರೂ ಹೊರಡುವುದಿಲ್ಲವಲ್ಲ ಎಂದು ಗೊಣಗುವವರು ಕಾನೂನಿನ ಮೇಲೆ ಗೊಣಗುತ್ತಿರುತ್ತಾರೆ, ಅಷ್ಟೆ. ಆ ಕಾನೂನು ನಮ್ಮ ರಾತ್ರಿ ಬಸ್ಸುಗಳಿಗೂ ಇದೇ ಬಿಗಿಯಲ್ಲಿ ಜಾರಿಯಾದರೆ ಎಷ್ಟು ಜೀವ ಉಳಿದೀತು ಎಂದು ನನಗೆ ಅನ್ನಿಸುವುದುಂಟು.

ಹೋಟೆಲು ನಗರದಂಚಿಗೆ, ಹೀತ್ರೊ ವಿಮಾನನಿಲ್ದಾಣದ ಕಡೆಗೋ ಡಾಕ್‌ಲ್ಯಾಂಡ್ಸ್ ಕಡೆಗೋ ಇದ್ದರೆ ಕೋಣೆ ಅಗ್ಗ, ಕೋಚ್ ನಿಲ್ಲಿಸಲು ಜಾಗವೂ ಇರುತ್ತದೆ. ಜಾಹೀರಾತಿನಲ್ಲಿ ‘ಲಂಡನ್ ಹೋಟೆಲ್’ ಎಂದಷ್ಟೇ ಇದ್ದರೆ ಯಾವ ಲಂಡನ್ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಶಾರಬ್ಯಾಂಗ್ ಎಂಬ ತೆರೆದ ವಾಹನಗಳಲ್ಲಿ ಕಾರ್ಮಿಕರು ಸಮುದ್ರತೀರಕ್ಕೆ ಹೋಗುತ್ತಿದ್ದ ಕಾಲದಿಂದಲೂ ಕೋಚ್ ವಿಹಾರ ಅಲ್ಲಿಯ ಬದುಕಿನ ಭಾಗ. ಲಂಡನ್ನಿನ ವಿಕ್ಟೋರಿಯಾ ಕೋಚ್ ನಿಲ್ದಾಣ ಕಟ್ಟಿದ್ದು 1932ರಲ್ಲಿ. ಆದರೆ ನಾಟಕಕ್ಕೂ ಕೋಚಿಗೂ ಗಂಟು ಬಿಗಿಯಾದದ್ದು 1980ರ ದಶಕದಲ್ಲಿ ಎಂಬುದು ನನ್ನ ಲೆಕ್ಕ. 1980ರ ಸಾರಿಗೆ ಕಾಯ್ದೆ ದೂರದ ಕೋಚುಗಳಿಗೂ ವಿಹಾರ ಪ್ರವಾಸಗಳಿಗೂ ಇದ್ದ ಮಾರ್ಗ ಪರವಾನಗಿಯ ಬಿಗಿಯನ್ನು ತೆಗೆದುಹಾಕಿತು. ಮರುವರ್ಷದ ಮೇ ತಿಂಗಳಲ್ಲಿ ‘ಕ್ಯಾಟ್ಸ್’ ಶುರುವಾಯಿತು. ಟಿ.ಎಸ್. ಎಲಿಯಟ್‌ನ ಬೆಕ್ಕಿನ ಪದ್ಯಗಳಿಗೆ ಆಂಡ್ರ್ಯೂ ಲಾಯ್ಡ್ ವೆಬರ್ ರಾಗ ಹಾಕಿದ ಇದರಲ್ಲಿ ಕಥೆ ಅಂಥದ್ದೇನೂ ಇಲ್ಲ. ಕುಣಿತ, ವೇಷ, ಹಾಡು. ಅದು 21 ವರ್ಷ ಓಡಿತು. 1986ರ ಅಕ್ಟೋಬರಿನಲ್ಲಿ ‘ಫ್ಯಾಂಟಮ್ ಆಫ್ ದಿ ಓಪೆರಾ’ ತೆರೆ ಕಂಡಿತು. ಅದೇ ತಿಂಗಳ ಕೊನೆಗೆ ಲಂಡನ್ನನ್ನು ಸುತ್ತುವರಿಯುವ ಎಂ25 ವರ್ತುಲ ಹೆದ್ದಾರಿ ಪೂರ್ತಿಯಾಯಿತು. ಕಾಕತಾಳೀಯವೇ ಇರಬಹುದು, ಆದರೆ ಎರಡನ್ನೂ ತುಂಬಿದವರಲ್ಲಿ ಒಂದೇ ಊರುಗಳ ಜನರಿದ್ದರು.

ಹಿಂದಿನ ವರ್ಷ, 1985ರಲ್ಲಿ, ‘ಲೆ ಮಿಸೆರಾಬ್ಲ್’ ಬಂದಾಗ ವಿಮರ್ಶಕರು ಬಹುಪಾಲು ಮೂಗು ಮುರಿದಿದ್ದರು. ಟಿಕೆಟ್ ಕಿಟಕಿಯಲ್ಲಿ ಮಾತ್ರ ನೂಕುನುಗ್ಗಲು. ನಾಟಕ ಇವತ್ತಿಗೂ ನಡೆಯುತ್ತಿದೆ. ‘ಕೋಚ್ ಪಾರ್ಟಿ’ ಎಂಬ ಮಾತನ್ನು ಲಂಡನ್ನಿನ ರಂಗವಲಯ ತುಸು ತಾತ್ಸಾರದಿಂದಲೇ ಆಡುತ್ತದೆ. ಈ ತಾತ್ಸಾರ ನಾಟಕಕ್ಕೂ ಕೋಚಿಗೂ ಬಿದ್ದ ಗಂಟಿಗಿಂತ ಹಳೆಯದು. ನಾಟಕಕಾರ ಟೆರೆನ್ಸ್ ರ್‍ಯಾಟಿಗನ್ 1953ರಲ್ಲಿ ‘ಆಂಟ್ ಎಡ್ನಾ’ ಎಂಬ ಕಾಲ್ಪನಿಕ ಪ್ರೇಕ್ಷಕಿಯೊಬ್ಬಳನ್ನು ಸೃಷ್ಟಿಸಿದ. ನಡುವಯಸ್ಸಿನ, ಸಭ್ಯ, ಬಿಡುವಾಗಿರುವ ಈ ಚಿಕ್ಕಮ್ಮನನ್ನು ನಾಟಕಕಾರ ಮರೆಯಬಾರದು ಎಂಬುದು ಅವನ ವಾದ. ವಿಮರ್ಶಕರು ಅವಳನ್ನೇ ಬಡಿಗೆ ಮಾಡಿಕೊಂಡು ಅವನನ್ನು ಬಡಿದರು. ಹೊಸ ನಾಟಕಕ್ಕೆ ಎಡ್ನಾ ಸಾಲದು, ಒಪ್ಪೋಣ. ಆದರೆ ವೆಸ್ಟ್ ಎಂಡ್‌ನ ವಾಣಿಜ್ಯ ರಂಗಮಂದಿರಗಳು ನಿಂತಿರುವುದು ಸರ್ಕಾರದ ಅನುದಾನದ ಮೇಲಲ್ಲ, ಟಿಕೆಟ್ಟಿನ ಮೇಲೆ. ವಾರಕ್ಕೆ ಎಂಟು ಆಟ, ಫೆಬ್ರುವರಿಯ ಚಳಿಯ ಬುಧವಾರದ ಮ್ಯಾಟಿನಿಯೂ ಸೇರಿ, ತುಂಬಬೇಕು. ಅಂಥ ಮಧ್ಯಾಹ್ನ ಒಂದು ಕೋಚ್ ಬಂದರೆ ಐವತ್ತು ಸೀಟು ಒಟ್ಟಿಗೆ ಹೋಯಿತು. ದಶಕಗಟ್ಟಲೆ ಓಡುವ ನಾಟಕಗಳ ಬೆನ್ನಿಗೆ ವಿದೇಶಿ ಪ್ರವಾಸಿಗರಷ್ಟೇ ಇವರೂ ಇದ್ದಾರೆ.

ಬರ್ಮಿಂಗ್‌ಹ್ಯಾಮಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಇರುವ ಮಕ್ಕಳ ಮನೆಗೆ ಹೋಗುವ ನಮ್ಮ ಅಪ್ಪ-ಅಮ್ಮಂದಿರಿಗೂ ಇದು ಹೇಳಿ ಮಾಡಿಸಿದ ವ್ಯವಸ್ಥೆ. ಒಂದೆರಡು ಎಚ್ಚರಿಕೆಗಳಿವೆ. ಹಳೆಯ ರಂಗಮಂದಿರಗಳಲ್ಲಿ ಅನೇಕವು ವಿಕ್ಟೋರಿಯಾ-ಎಡ್ವರ್ಡ್ ಕಾಲದವು. ಸೀಟುಗಳ ನಡುವೆ ಮೊಣಕಾಲಿಗೆ ಜಾಗ ಕಡಿಮೆ, ಕೆಲವೆಡೆ ಲಿಫ್ಟ್ ಇಲ್ಲ. ಪ್ಯಾಕೇಜಿನ ಅಗ್ಗದ ಟಿಕೆಟ್ಟು ‘ಅಪ್ಪರ್ ಸರ್ಕಲ್’ನದಾಗಿದ್ದರೆ ಕಡಿದಾದ ಮೆಟ್ಟಿಲು ಹತ್ತಬೇಕು, ಕೆಳಗೆ ನೋಡಿದರೆ ತಲೆ ತಿರುಗಬಹುದು. ಮಂಡಿನೋವಿದ್ದವರು ಸ್ವಲ್ಪ ಹೆಚ್ಚು ಕೊಟ್ಟು ಎಲ್ಲಕ್ಕಿಂತ ಕೆಳಗಿನ ಹಂತದ ‘ಸ್ಟಾಲ್ಸ್’ ಕೇಳುವುದು ಲೇಸು. ಕಂಬ ಅಡ್ಡ ಬರುವ ಸೀಟನ್ನು ‘ರಿಸ್ಟ್ರಿಕ್ಟೆಡ್ ವ್ಯೂ’ ಎಂದು ನಯವಾಗಿ ಕರೆಯುತ್ತಾರೆ. ಇಂಗ್ಲಿಷಿನ ಉಚ್ಚಾರಣೆ ಕಷ್ಟವೆನ್ನುವವರಿಗೆ ಲೈಸಿಯಮ್‌ನಲ್ಲಿ 1999ರಿಂದ ನಡೆಯುತ್ತಿರುವ ‘ಲಯನ್ ಕಿಂಗ್’ ಸುಲಭ. ಮಾತಿಗಿಂತ ಬೊಂಬೆ, ಮುಖವಾಡಗಳೇ ಅಲ್ಲಿ ಹೆಚ್ಚು ಹೇಳುತ್ತವೆ. ವಿರಾಮದಲ್ಲಿ ಸಣ್ಣ ಡಬ್ಬಿಯ ಐಸ್‌ಕ್ರೀಮ್ ತಿನ್ನುವುದು ಅಲ್ಲಿಯ ಸಂಪ್ರದಾಯ, ಬೆಲೆ ಮಾತ್ರ ಕೇಳಬೇಡಿ.

ಮಾತೇ ಬೇಕೆನ್ನುವವರಿಗೆ ಅಗಾಥಾ ಕ್ರಿಸ್ಟಿಯ ‘ಮೌಸ್‌ಟ್ರ್ಯಾಪ್’ ಇದೆ. 1952ರ ನವೆಂಬರಿನಲ್ಲಿ ಲಂಡನ್ನಿಗೆ ಬಂದದ್ದು, 1974ರಲ್ಲಿ ಪಕ್ಕದ ಸೇಂಟ್ ಮಾರ್ಟಿನ್ಸ್ ರಂಗಮಂದಿರಕ್ಕೆ ಸರಿಯಿತು. 2020ರಲ್ಲಿ ಕೋವಿಡ್ ಬಂದು ಬಾಗಿಲು ಹಾಕಿಸಿತು, ಮರುವರ್ಷ ಮತ್ತೆ ತೆರೆಯಿತು. ಆಟ ಮುಗಿದ ಮೇಲೆ ನಟರೊಬ್ಬರು ಮುಂದೆ ಬಂದು, ಕೊಲೆಗಾರ ಯಾರೆಂದು ಹೊರಗೆ ಯಾರಿಗೂ ಹೇಳಬೇಡಿ ಎಂದು ಕೇಳಿಕೊಳ್ಳುವುದು ವಾಡಿಕೆ. ಕೋಚಿನವರಿಗೆ ಆ ತೊಂದರೆ ಇಲ್ಲ. ಎಲ್ಲರೂ ನೋಡಿದವರೇ ಆದ್ದರಿಂದ ಊರು ಮುಟ್ಟುವವರೆಗೂ ಅದನ್ನೇ ಮಾತಾಡಬಹುದು, ‘ನನಗೆ ಮೊದಲೇ ಗೊತ್ತಿತ್ತು’ ಎಂದು ಬಡಾಯಿ ಕೊಚ್ಚಬಹುದು. ಗುಟ್ಟು ಗೊತ್ತಿಲ್ಲದೆ ಉಳಿದವನು ಚಾಲಕ ಒಬ್ಬನೇ.