ಒಂದೇ ಗ್ರಾಹಿ, ಎರಡು ವಿಚಾರಣೆ

ಮನುಷ್ಯನ ಸ್ನಾಯುಕೋಶಗಳಲ್ಲಿ ಆಂಡ್ರೋಜನ್ ಗ್ರಾಹಿ ಎಂಬ ಪ್ರೋಟೀನು ಇರುತ್ತದೆ. ಗಂಡಸರಲ್ಲಿ ಹೆಚ್ಚಾಗಿಯೂ ಹೆಂಗಸರಲ್ಲಿ ಅಲ್ಪವಾಗಿಯೂ ಸ್ರವಿಸುವ ಟೆಸ್ಟೊಸ್ಟೆರೋನ್ ಹಾರ್ಮೋನು ರಕ್ತದ ಮೂಲಕ ಕೋಶವನ್ನು ಹೊಕ್ಕು ಈ ಗ್ರಾಹಿಗೆ ಅಂಟಿಕೊಂಡಾಗ, ಎರಡೂ ಕೂಡಿ ಕೋಶಕೇಂದ್ರಕ್ಕೆ ಸಾಗಿ, ಅಲ್ಲಿ ಡಿಎನ್‌ಎಯ ನಿರ್ದಿಷ್ಟ ಭಾಗಗಳನ್ನು ಹಿಡಿದು, ಸ್ನಾಯುವನ್ನು ಕಟ್ಟುವ ಪ್ರೋಟೀನುಗಳ ತಯಾರಿಕೆಯನ್ನು ಹೆಚ್ಚಿಸುತ್ತವೆ. 2021ರಲ್ಲಿ 100 ಮೀಟರ್ ದೂರವನ್ನು 11.17 ಸೆಕೆಂಡುಗಳಲ್ಲಿ ಓಡಿ ರಾಷ್ಟ್ರೀಯ ದಾಖಲೆ ಬರೆದ ದ್ಯುತಿ ಚಾಂದ್ ಅವರ ಕ್ರೀಡಾಜೀವನಕ್ಕೆ ಎರಡು ಬಾರಿ ತಡೆ ಬಿದ್ದದ್ದು ಈ ಗ್ರಾಹಿಯ ದೆಸೆಯಿಂದಲೇ: ಮೊದಲ ಸಲ ಅವರ ದೇಹವೇ ಉತ್ಪಾದಿಸಿದ ಹಾರ್ಮೋನಿನಿಂದ, ಎರಡನೆಯ ಸಲ ಹೊರಗಿನಿಂದ ಒಳಸೇರಿದ ರಾಸಾಯನಿಕದಿಂದ.

ಒಡಿಶಾದ ಜಾಜ್‌ಪುರ ಜಿಲ್ಲೆಯ ನೇಕಾರ ಕುಟುಂಬದಲ್ಲಿ 1996ರಲ್ಲಿ ಹುಟ್ಟಿದ ದ್ಯುತಿ ಅವರನ್ನು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊಸ್ತಿಲಲ್ಲಿ ಭಾರತ ತಂಡದಿಂದ ಕೈಬಿಡಲಾಯಿತು. ಕಾರಣ, ಮಹಿಳಾ ಸ್ಪರ್ಧಿಯ ರಕ್ತದಲ್ಲಿ ಟೆಸ್ಟೊಸ್ಟೆರೋನ್ ಪ್ರತಿ ಲೀಟರಿಗೆ 10 ನ್ಯಾನೊಮೋಲ್‌ಗಿಂತ ಕಡಿಮೆ ಇರಬೇಕೆಂಬುದು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ 2011ರಲ್ಲಿ ತಂದ ನಿಯಮವಾಗಿತ್ತು. ಅವರು ತಮ್ಮ ದೇಹವನ್ನು ಔಷಧದಿಂದ ತಿದ್ದಿಕೊಳ್ಳಲು ಒಪ್ಪದೆ ಸ್ವಿಟ್ಜರ್ಲೆಂಡಿನ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಮೊರೆಹೋದರು. ಆ ಬಿಕ್ಕಟ್ಟಿನ ದಿನಗಳಲ್ಲಿ ಅವರಿಗೆ ನೆಲೆ ಸಿಕ್ಕಿದ್ದು ಹೈದರಾಬಾದಿನ ಪುಲ್ಲೇಲ ಗೋಪಿಚಂದ್ ಬ್ಯಾಡ್ಮಿಂಟನ್ ಅಕಾಡೆಮಿಯಲ್ಲಿ. ಷಟಲ್ ಆಡುವವರ ಅಂಗಳವೊಂದು ಓಟಗಾರ್ತಿಯನ್ನು ಕರೆದು ಇರಿಸಿಕೊಂಡದ್ದು ಭಾರತದ ಕ್ರೀಡೆಯಲ್ಲಿ ಅಪರೂಪದ ಸಂಗತಿ. ಸಹಜ ಹಾರ್ಮೋನಿನಿಂದ ಓಟಗಾರ್ತಿಗೆ ಎಷ್ಟು ಲಾಭವಾಗುತ್ತದೆ ಎಂಬುದಕ್ಕೆ ಒಕ್ಕೂಟವು ಸಾಕಷ್ಟು ಪುರಾವೆ ಒದಗಿಸಿಲ್ಲವೆಂದು ನ್ಯಾಯಾಲಯವು 2015ರ ಜುಲೈನಲ್ಲಿ ಆ ನಿಯಮವನ್ನು ಅಮಾನತಿನಲ್ಲಿಟ್ಟಿತು. ಮರುವರ್ಷ ಅವರು ರಿಯೊ ಒಲಿಂಪಿಕ್ಸ್‌ನಲ್ಲಿ ಓಡಿದರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 100 ಮತ್ತು 200 ಮೀಟರ್ ಓಟಗಳೆರಡರಲ್ಲೂ ಬೆಳ್ಳಿ ಗೆದ್ದರು.

ಎರಡನೆಯ ವಿಚಾರಣೆಗೆ ಕಾರಣವಾದದ್ದು 2022ರ ಡಿಸೆಂಬರಿನಲ್ಲಿ ಭುವನೇಶ್ವರದಲ್ಲಿ ಸಂಗ್ರಹಿಸಿದ ಎರಡು ಮೂತ್ರ ಮಾದರಿಗಳು. ಅವುಗಳಲ್ಲಿ ಆಂಡರಿನ್, ಆಸ್ಟರಿನ್ ಮತ್ತು ಲಿಗಾಂಡ್ರೋಲ್ ಎಂಬ ವಸ್ತುಗಳು ಪತ್ತೆಯಾದವು. ಇವೆಲ್ಲ 'ಸಾರ್ಮ್' ಎಂದು ಕರೆಯಲಾಗುವ ಗುಂಪಿಗೆ, ಅಂದರೆ ಆಯ್ದ ಅಂಗಾಂಶಗಳಲ್ಲಿ ಮಾತ್ರ ಆಂಡ್ರೋಜನ್ ಗ್ರಾಹಿಯನ್ನು ಚುರುಕುಗೊಳಿಸಲೆಂದು ರೂಪಿಸಿದ ರಾಸಾಯನಿಕಗಳ ಗುಂಪಿಗೆ ಸೇರಿದವು. ಹಳೆಯ ಅನಬಾಲಿಕ್ ಸ್ಟೀರಾಯ್ಡುಗಳು ಸ್ನಾಯುವನ್ನು ಬೆಳೆಸುವುದರ ಜೊತೆಗೆ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯನ್ನು ಹಿಗ್ಗಿಸುತ್ತವೆ, ಹೆಂಗಸರಲ್ಲಿ ದನಿಯನ್ನು ಒರಟಾಗಿಸುತ್ತವೆ. ಈ ಕಾಟವಿಲ್ಲದೆ, ಕ್ಯಾನ್ಸರ್ ಮತ್ತು ಮುಪ್ಪಿನಿಂದ ಕರಗಿಹೋಗುವ ಸ್ನಾಯುವನ್ನಷ್ಟೇ ಉಳಿಸಿಕೊಳ್ಳುವ ಆಸೆಯಿಂದ 1990ರ ದಶಕದಲ್ಲಿ ಸ್ಟೀರಾಯ್ಡ್ ಅಲ್ಲದ ರಚನೆಯ ಸಾರ್ಮ್‌ಗಳ ಶೋಧ ಮೊದಲಾಯಿತು. ಬೀಗ ಮತ್ತು ಕೀಲಿಕೈಯ ಹಳೆಯ ಹೋಲಿಕೆ ಇಲ್ಲಿ ಅರ್ಧ ಮಾತ್ರ ಸಲ್ಲುತ್ತದೆ, ಏಕೆಂದರೆ ಈ ಬೀಗವು ಒಳಹೊಕ್ಕ ಕೀಲಿಗೆ ತಕ್ಕಂತೆ ತನ್ನ ಆಕಾರವನ್ನು ತುಸು ಬದಲಿಸಿಕೊಳ್ಳುತ್ತದೆ. ಬದಲಾದ ಆಕಾರಕ್ಕೆ ಸ್ನಾಯುವಿನಲ್ಲಿ ಜೊತೆಗೂಡುವ ಸಹಾಯಕ ಪ್ರೋಟೀನುಗಳೇ ಬೇರೆ, ಪ್ರಾಸ್ಟೇಟಿನಲ್ಲಿ ಜೊತೆಗೂಡುವವೇ ಬೇರೆ.

ಈ ಆಯ್ಕೆಯ ಗುಣ ಪ್ರಯೋಗಾಲಯದಲ್ಲಿ ತೋರಿದಷ್ಟು ಸೊಗಸಾಗಿ ಮನುಷ್ಯರಲ್ಲಿ ತೋರಲಿಲ್ಲ. ಆಂಡರಿನ್ ಸೇವಿಸಿದವರಲ್ಲಿ ದೃಷ್ಟಿಗೆ ಹಳದಿ ಛಾಯೆ ಕವಿಯುವ ತೊಂದರೆ ಕಂಡುಬಂದಿದೆ; ಸಾರ್ಮ್ ಬೆರೆತ ಉತ್ಪನ್ನಗಳಿಂದ ಯಕೃತ್ತಿಗೆ ಹಾನಿಯಾಗುವ, ಹೃದಯಾಘಾತದ ಸಾಧ್ಯತೆ ಹೆಚ್ಚುವ ಕುರಿತು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2017ರಲ್ಲಿ ಎಚ್ಚರಿಸಿತು. ಮದ್ದಾಗಲು ಹೊರಟದ್ದು ಮದ್ದಾಗದೆ, ಜಿಮ್‌ಗಳ ಡಬ್ಬಿಗಳನ್ನು ಸೇರಿತು. ಅಂತರಜಾಲದಲ್ಲಿ ಸಾರ್ಮ್ ಎಂದು ಮಾರಾಟವಾಗುತ್ತಿದ್ದ 44 ಉತ್ಪನ್ನಗಳನ್ನು ಅದೇ ವರ್ಷ ಅಮೆರಿಕದಲ್ಲಿ ಪರೀಕ್ಷಿಸಿದಾಗ, ನಿಜವಾಗಿ ಸಾರ್ಮ್ ಇದ್ದದ್ದು 23ರಲ್ಲಿ ಮಾತ್ರ. 17ರಲ್ಲಿ ಅನುಮತಿಯಿಲ್ಲದ ಬೇರೆ ಔಷಧಗಳಿದ್ದವು. ಚೀಟಿಯನ್ನು ಓದಿ ನಂಬುವ ಕ್ರೀಡಾಪಟುವಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಕನ್ನಡಿಗರು ಇದನ್ನು ಮೊದಲೇ ಕಂಡವರು: ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ, 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದ ಮರುವರ್ಷವೇ ಮೆಥಾಂಡಿಯೆನೋನ್ ಎಂಬ ಸ್ಟೀರಾಯ್ಡಿಗಾಗಿ ಸಿಕ್ಕಿಬಿದ್ದು, ತರಬೇತುದಾರರು ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಮಾತ್ರೆಗಳೇ ಮೂಲವೆಂದು ವಾದಿಸಿದರೂ, ಕೊನೆಗೆ ಎರಡು ವರ್ಷ ಓಟದಿಂದ ಹೊರಗುಳಿಯಬೇಕಾಯಿತು. ಹೈದರಾಬಾದಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟಿಗಾಗಿ ಪ್ರೋಟೀನ್ ಪುಡಿಗಳನ್ನು ಬಳಸುವುದು ಬೇಡವೆಂದು ಸಾಮಾನ್ಯ ಜನರಿಗೇ ಹೇಳಿದೆ.

ದ್ಯುತಿ ಅವರ ವಾದವೂ ಅಶ್ವಿನಿ ಅವರ ವಾದದ ಜಾಡಿನದೇ. ಗಾಯದ ನೋವಿಗೆ ಫಿಸಿಯೋಥೆರಪಿಸ್ಟ್ ಸೂಚಿಸಿದ ಪೂರಕವನ್ನು ತೆಗೆದುಕೊಂಡೆನೆಂದು ಅವರು ಹೇಳಿದರು; ವೈದ್ಯರನ್ನು ಕೇಳದೆ ಸೇವಿಸಿದ್ದನ್ನು ವಿಚಾರಣಾ ಮಂಡಳಿ ಅಜಾಗರೂಕತೆಯೆಂದೇ ಎಣಿಸಿತು. ಉದ್ದೀಪನ ಮದ್ದಿನ ಕಾನೂನಿನಲ್ಲಿ ಮಾದರಿಯಲ್ಲಿ ವಸ್ತು ಸಿಕ್ಕರೆ ಹೊಣೆ ಸಿಕ್ಕವರದೇ. ಸಾರ್ಮ್‌ನಂಥ ವಸ್ತುವಾದರೆ, ಉದ್ದೇಶವಿರಲಿಲ್ಲವೆಂದು ರುಜುವಾತು ಮಾಡುವ ಭಾರವೂ ಅವರದೇ. 2015ರಲ್ಲಿ ಲಾಭವೆಷ್ಟೆಂದು ಅಳೆದು ತೋರಿಸಬೇಕಾದದ್ದು ಒಕ್ಕೂಟ. 2023ರಲ್ಲಿ ಲಾಭದ ಅಳತೆಯನ್ನು ಯಾರೂ ಕೇಳಲೇ ಇಲ್ಲ. ಕಠೋರವಾಗಿ ಕಂಡರೂ ಹೊಣೆಯ ಈ ನಿಯಮಕ್ಕೆ ಪರ್ಯಾಯ ಕಾಣದು, ಏಕೆಂದರೆ ರಾಶಿ ರೋಹಿತಮಾಪಕ ಯಂತ್ರವು, ಅಂದರೆ ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಉಪಕರಣವು, ಅತ್ಯಲ್ಪ ಪ್ರಮಾಣದ ಸಾರ್ಮನ್ನೂ ಹಿಡಿಯಬಲ್ಲುದೇ ಹೊರತು ಅದು ತಿಳಿದು ನುಂಗಿದ್ದೋ ತಿಳಿಯದೆ ನುಂಗಿದ್ದೋ ಎಂದು ಹೇಳಲಾರದು.

ಶಿಕ್ಷೆಯ ಪ್ರಮಾಣ ಮಾತ್ರ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ ವೃತ್ತಿಪರ ಬೇಸ್‌ಬಾಲಿನಲ್ಲಿ ಇಂಥ ಮೊದಲ ತಪ್ಪಿಗೆ 80 ಪಂದ್ಯಗಳ ನಿಷೇಧವಿದೆ, ಅದು ಅಲ್ಲಿನ 162 ಪಂದ್ಯಗಳ ಋತುವಿನ ಅರ್ಧದಷ್ಟೂ ಅಲ್ಲ. ದ್ಯುತಿ ಅವರಿಗೆ ವಿಧಿಸಿದ್ದು ನಾಲ್ಕು ವರ್ಷ. 2023ರ ಜನವರಿ 3ರಿಂದ ಎಣಿಕೆಯಾದ ಆ ಅವಧಿ ಮುಗಿಯುವ ವೇಳೆಗೆ ಅವರು 31ನೆಯ ಹುಟ್ಟುಹಬ್ಬಕ್ಕೆ ಒಂದು ತಿಂಗಳ ದೂರದಲ್ಲಿರುತ್ತಾರೆ.