ಬೇಳೆ ಮೊನ್ನೆಯದು, ಒಗ್ಗರಣೆ ಇವತ್ತಿನದು

ತಂಗಳು ಅಂದರೆ ನಮ್ಮಲ್ಲಿ ಮೂಗು ಮುರಿಯುವವರೇ ಹೆಚ್ಚು. “ನಿನ್ನೆ ಹುಳೀನೇ ಇವತ್ತೂ ಬಡಿಸ್ತೀಯೇನಮ್ಮಾ?” ಎಂದು ಅತ್ತೆಯವರು ಕೇಳಿಬಿಟ್ಟರೆ ಸೊಸೆಗೆ ಉತ್ತರ ಹೊಳೆಯುವುದಿಲ್ಲ. ಅಂಥದ್ದರಲ್ಲಿ ಹದಿನೈದು ದಿನದ ಹಿಂದೆ ಬೇಯಿಸಿದ್ದನ್ನು ಫ್ರೀಜರಿನಿಂದ ತೆಗೆದು ಬಡಿಸುತ್ತೇನೆ ಅಂದರೆ ಮನೆಯಲ್ಲಿ ದೊಡ್ಡ ರಾಮಾಯಣವೇ ಆದೀತು.

ಹಿರಿಯರ ಮಾತಿನಲ್ಲಿ ಸತ್ಯವಿಲ್ಲ ಎಂದು ನಾನು ಹೇಳುವುದಿಲ್ಲ. ಫ್ರಿಜ್ ಇಲ್ಲದ ಕಾಲ, ನಮ್ಮ ಸೆಕೆ, ಕಾಯಿ ಹಾಕಿದ ಅಡುಗೆ. ಬೆಳಿಗ್ಗೆ ಮಾಡಿದ ಕೂಟು ರಾತ್ರಿಗೆ ಹಳಸಿ ನೊರೆ ಏಳುತ್ತಿತ್ತು. ಬೇಡ ಅಂದದ್ದು ಸರಿಯೇ. ಆದರೆ ಅದೇ ಹಿರಿಯರು ಪುಳಿಯೋಗರೆ ಗೊಜ್ಜನ್ನು ತಿಂಗಳುಗಟ್ಟಲೆ ಭರಣಿಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲವೇ? ಸಾರಿನ ಪುಡಿ, ಮೆಂತ್ಯದ ಹಿಟ್ಟು, ಚಟ್ನಿಪುಡಿ, ಸಂಡಿಗೆ, ಹಪ್ಪಳ, ಉಪ್ಪಿನಕಾಯಿ ಎಂದು ಬೇಸಿಗೆ ಪೂರ್ತಿ ಮುಂದಿನ ದಿನಗಳಿಗೆ ಕೂಡಿಡುವ ಕೆಲಸವೇ ನಡೆಯುತ್ತಿತ್ತು. ಎಣ್ಣೆ, ಉಪ್ಪು, ಹುಣಿಸೆಹಣ್ಣು, ಬಿಸಿಲು ಇವು ನಾಲ್ಕೂ ಸೇರಿ ಮಾಡುತ್ತಿದ್ದ ಕೆಲಸಕ್ಕೆ ಈಗ ಚಳಿಯೂ ಜೊತೆಯಾಗಿದೆ, ಅಷ್ಟೆ.

ಹೊರದೇಶದ ಪುಸ್ತಕಗಳಲ್ಲಿ ಪೂರ್ತಿ ಊಟವನ್ನೇ ತಟ್ಟೆಯಲ್ಲಿಟ್ಟು ಹೆಪ್ಪುಗಟ್ಟಿಸುವ ಕ್ರಮ ಕಾಣುತ್ತೇವೆ. ಅವರ ಅಡುಗೆಗೆ ಅದು ಹೊಂದುತ್ತದೆ. ನಮ್ಮ ಹುಳಿ, ಸಾರು, ಪಲ್ಯದ ಜೀವ ಇರುವುದು ಕೊನೆಯ ಒಗ್ಗರಣೆಯ ಘಮದಲ್ಲಿ. ಇಂಗು, ಕರಿಬೇವು, ಸಾಸಿವೆ ಹದಿನೈದು ದಿನ ಐಸಿನಲ್ಲಿ ಕೂತರೆ ಏನು ಘಮ ಉಳಿದೀತು? ಆದ್ದರಿಂದ ಅಡುಗೆಯನ್ನು ಒಗ್ಗರಣೆಯ ಹಿಂದಿನ ಹೆಜ್ಜೆಗೆ ನಿಲ್ಲಿಸಿ, ಅಲ್ಲಿಯವರೆಗಿನದನ್ನು ಫ್ರೀಜರಿಗೆ ಕಳಿಸಿ. ಹುರಿಯುವುದು, ರುಬ್ಬುವುದು, ಬೇಯಿಸುವುದು, ಸುಲಿಯುವುದು ಇವೇ ತಾನೇ ನಮ್ಮ ಹೊತ್ತು ತಿನ್ನುವುದು? ಒಗ್ಗರಣೆಗೆ ಬೇಕಾದ್ದು ಎರಡು ನಿಮಿಷ. ಹೀಗೆ ಮಾಡಿದ ಹುಳಿಯನ್ನು ತಂಗಳೆಂದು ಕಂಡುಹಿಡಿಯುವ ನಾಲಿಗೆಯನ್ನು ನಾನು ಇನ್ನೂ ನೋಡಿಲ್ಲ.

ಮೊದಲು ಹುಳಿಯ ಮಸಾಲೆ. ಧನಿಯಾ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಚೂರು ಮೆಂತ್ಯ, ಚಕ್ಕೆ ಹಾಕುವವರು ಚಕ್ಕೆ, ಎಲ್ಲವನ್ನೂ ಎಂದಿನಂತೆ ಹುರಿದು ಕಾಯಿತುರಿಯೊಡನೆ ಗಟ್ಟಿಯಾಗಿ ರುಬ್ಬಿ. ಒಂದು ಹೊತ್ತಿಗೆ ರುಬ್ಬುವ ಬದಲು ನಾಲ್ಕು ಹೊತ್ತಿಗೆ ರುಬ್ಬಿದರೆ ಮಿಕ್ಸಿ ತೊಳೆಯುವ ಕೆಲಸ ಒಂದೇ ಸಲ. ಇದನ್ನು ಐಸ್ ಟ್ರೇಯಲ್ಲಿ ತುಂಬಿ. ರಾತ್ರಿ ಕಳೆದು ಗಟ್ಟಿಯಾದ ಮೇಲೆ ಬಿಲ್ಲೆಗಳನ್ನು ಬಿಡಿಸಿ ಡಬ್ಬಿಗೆ ಹಾಕಿ, ಟ್ರೇ ಮತ್ತೆ ಖಾಲಿ. ಒಂದೊಂದು ಬಿಲ್ಲೆ ಸುಮಾರು ಎರಡು ದೊಡ್ಡ ಚಮಚ ಆಗುತ್ತದೆ. ನಾಲ್ಕು ಜನರ ಹುಳಿಗೆ ನಾಲ್ಕೈದು ಬಿಲ್ಲೆ ಸಾಕು, ಕರಗಿಸುವುದೂ ಬೇಡ, ಕುದಿಯುವ ಬೇಳೆಗೆ ಹಾಗೆಯೇ ಹಾಕಿ. ಮಜ್ಜಿಗೆಹುಳಿಯ ಮಸಾಲೆಯನ್ನೂ ಹೀಗೆ ಇಡಬಹುದು, ಮೊಸರನ್ನು ಮಾತ್ರ ಆವತ್ತೇ ಸೇರಿಸಬೇಕು. ಮೊಸರು ಹಾಕಿ ಹೆಪ್ಪುಗಟ್ಟಿಸಿದರೆ ಒಡೆದು ನೀರು ಬೇರೆ, ಗಸಿ ಬೇರೆ ಆಗುತ್ತದೆ.

ಬೇಯಿಸಿದ ತೊಗರಿಬೇಳೆ ಇನ್ನೂ ಸುಲಭ. ಹೇಗೂ ಕುಕ್ಕರ್ ಇಡುತ್ತೀರಿ, ಒಂದು ಲೋಟದ ಜಾಗದಲ್ಲಿ ಎರಡು ಲೋಟ ಹಾಕಿ. ಮಿಕ್ಕಿದ್ದನ್ನು ಗಟ್ಟಿಯಾಗಿ ಮಸೆದು, ಆರಿಸಿ, ಜಿಪ್ ಚೀಲದಲ್ಲಿ ತಟ್ಟೆಯಂತೆ ತೆಳ್ಳಗೆ ಹರಡಿ ಮಲಗಿಸಿಡಿ. ತೆಳ್ಳಗಿದ್ದರೆ ಬೇಗ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ, ಒಂದರ ಮೇಲೊಂದು ಜೋಡಿಸಲೂ ಬರುತ್ತದೆ. ನೆನೆಸಿ ಬೇಯಿಸಿದ ಹುರುಳಿ, ಅಲಸಂದೆ, ಕಡಲೆಕಾಳು, ಬಸ್ಸಾರಿನ ಕಟ್ಟು ಎಲ್ಲಕ್ಕೂ ಇದೇ ದಾರಿ.

ಬೇಗ ಗಟ್ಟಿಯಾಗಲಿ ಅನ್ನುವುದಕ್ಕೆ ಕಾರಣವಿದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ನೀರು ದೊಡ್ಡ ದೊಡ್ಡ ಹರಳಾಗಿ ತರಕಾರಿಯ ಒಳಗನ್ನೆಲ್ಲ ಹರಿದುಬಿಡುತ್ತದೆ. ಕರಗಿದಾಗ ಪದಾರ್ಥ ಮೆತ್ತಗಾಗಿ ನೀರು ಬಿಡುವುದು ಇದರಿಂದಲೇ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬುವರು ಈಗ ಕೆನಡಾಕ್ಕೆ ಸೇರಿರುವ ಲ್ಯಾಬ್ರಡಾರ್ ಪ್ರದೇಶದಲ್ಲಿದ್ದಾಗ, ಅಲ್ಲಿನ ಇನುಯಿಟ್ ಜನ ಹಿಡಿದ ಮೀನು ಕೊರೆಯುವ ಗಾಳಿಗೆ ಕ್ಷಣದಲ್ಲಿ ಗಟ್ಟಿಯಾಗಿ, ತಿಂಗಳುಗಳ ಮೇಲೆ ಬೇಯಿಸಿದರೂ ಹೊಸದರಂತೇ ಇರುವುದನ್ನು ಕಂಡರಂತೆ. 1920ರ ದಶಕದಲ್ಲಿ ಅವರು ಶುರು ಮಾಡಿದ ವ್ಯಾಪಾರವೇ ಇವತ್ತು ಅಂಗಡಿಯಲ್ಲಿ ಸಿಗುವ ಹೆಪ್ಪುಗಟ್ಟಿದ ಬಟಾಣಿಯವರೆಗೂ ಬಂದಿದೆ.

ಬಟಾಣಿ ಅಂದಾಗ ಅವರೆಕಾಯಿಯನ್ನು ಬಿಟ್ಟರೆ ಹೇಗೆ? ಸೊನೆ ಅವರೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಮನೆಮಂದಿಯೆಲ್ಲ ಕೂತು ಸುಲಿದು, ನೆನೆಸಿ, ಹಿತುಕಿ ಮಾಡಿದ ಬೇಳೆ ಎರಡು ದಿನಕ್ಕೆ ಮುಗಿದುಹೋಗುತ್ತದೆ. ಹೇಗೂ ಕೈ ನೋಯಿಸಿಕೊಳ್ಳುತ್ತೀರಿ, ಇನ್ನೊಂದೆರಡು ಸೇರು ಹೆಚ್ಚಿಗೆ ತನ್ನಿ. ಹಿತುಕಿದ ಬೇಳೆಯನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ, ತಕ್ಷಣ ತಣ್ಣೀರಿಗೆ ಹಾಕಿ, ಬಸಿದು, ಬಟ್ಟೆಯ ಮೇಲೆ ಹರವಿ ಪಸೆ ಆರಿಸಿ. ಆಮೇಲೆ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿ ಚೀಲಕ್ಕೆ ತುಂಬಿ. ಯುಗಾದಿಗೆ ಹಿತಕಬೇಳೆ ಸಾರು ಮಾಡಿ ಬಡಿಸಿದರೆ ಬಂದವರು “ಎಲ್ಲಿ ಸಿಕ್ತು ಇದು?” ಎಂದು ಕೇಳದೆ ಇರುವುದಿಲ್ಲ.

ಇಡ್ಲಿಯೂ ಚೆನ್ನಾಗಿ ಇರುತ್ತದೆ. ಬೇಯಿಸಿ ಆರಿದ ಇಡ್ಲಿಯನ್ನು ಡಬ್ಬಿಯಲ್ಲಿಟ್ಟು, ಬೇಕಾದಾಗ ಇಡ್ಲಿ ಪಾತ್ರೆಯಲ್ಲೇ ಹತ್ತು ನಿಮಿಷ ಆವಿಗಿಟ್ಟರೆ ಮಲ್ಲಿಗೆಯಂತೆ ಏಳುತ್ತದೆ. ಚಪಾತಿಯನ್ನು ಅರೆಬರೆ ಬೇಯಿಸಿ ನಡುನಡುವೆ ಬಟರ್ ಪೇಪರ್ ಇಟ್ಟು ಕಟ್ಟಿಡಬಹುದು. ಹೋಳಿಗೆ, ಹೂರಣ ಎರಡಕ್ಕೂ ಚಳಿ ಏನೂ ಮಾಡದು. ಕಾಯಿತುರಿಯಂತೂ ಹೇಳುವುದೇ ಬೇಡ. ಆದರೆ ಆಲೂಗಡ್ಡೆ ಮರಳುಮರಳಾಗುತ್ತದೆ. ಬದನೆಕಾಯಿ, ಸೌತೆಕಾಯಿ ನೀರೊಡೆಯುತ್ತವೆ. ಬೇಯಿಸಿದ ಮೊಟ್ಟೆಯ ಬಿಳಿ ರಬ್ಬರಿನಂತಾಗುತ್ತದೆ. ಇನ್ನು ಐದೇ ನಿಮಿಷದ ರಾಗಿಮುದ್ದೆಯನ್ನು ಫ್ರೀಜರಿನಲ್ಲಿಡುವವರು ಯಾರಾದರೂ ಇದ್ದರೆ ಅವರಿಗೊಂದು ದೂರದ ನಮಸ್ಕಾರ.

ಈಗ ರುಚಿಗಿಂತ ಮುಖ್ಯವಾದ ಮಾತು. ಚಳಿಯಲ್ಲಿ ಕ್ರಿಮಿಗಳು ಸಾಯುವುದಿಲ್ಲ, ನಿದ್ದೆ ಹೋಗುತ್ತವೆ. ಹೊರಗೆ ತೆಗೆದರೆ ಎದ್ದು ಕೂರುತ್ತವೆ. ಹೊಟ್ಟೆ ಕೆಡುವುದು ಫ್ರೀಜರಿನಿಂದಲ್ಲ, ಅದಕ್ಕೆ ಮುಂಚೆ ಕಟ್ಟೆಯ ಮೇಲೆ ಗಂಟೆಗಟ್ಟಲೆ ಬಿಟ್ಟದ್ದರಿಂದ. ಸುಮಾರು 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಬೆಚ್ಚಗೆ ಅವುಗಳಿಗೆ ಹಬ್ಬ. ಬೇಯಿಸಿದ ಪದಾರ್ಥವನ್ನು ಎರಡು ಗಂಟೆಯೊಳಗೆ ಒಳಗಿಡಬೇಕು, ಸುಡುಬೇಸಿಗೆಯಲ್ಲಿ ಒಂದೇ ಗಂಟೆ. ಹಾಗೆಂದು ಕುದಿಕುದಿಯುವುದನ್ನು ಇಟ್ಟರೆ ಪಕ್ಕದಲ್ಲಿದ್ದವೂ ಕರಗುತ್ತವೆ. ಅಗಲವಾದ ತಟ್ಟೆಗೆ ಸುರಿದು, ಆ ತಟ್ಟೆಯನ್ನು ತಣ್ಣೀರಿನ ಬೇಸಿನ್ನಿನಲ್ಲಿಟ್ಟು ಕೈಯಾಡಿಸಿದರೆ ಅರ್ಧ ಗಂಟೆಯೊಳಗೆ ಆರುತ್ತದೆ. ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಕ್ಕಿಯಲ್ಲಿರುವ ಒಂದು ಬಗೆಯ ಕ್ರಿಮಿಯ ಬೀಜ ಬೇಯಿಸಿದರೂ ಸಾಯದು. ಅನ್ನ ಹೊರಗೆ ಕೂತಷ್ಟೂ ಅದು ವಿಷ ಬಿಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಮಧ್ಯಾಹ್ನದ ಅನ್ನವನ್ನು ರಾತ್ರಿ ನೆನಪಾಗಿ ಫ್ರಿಜ್ಜಿಗೆ ತಳ್ಳುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ, ಅದನ್ನು ಬಿಡಬೇಕು.

ಎಷ್ಟು ದಿನ ಇಡಬಹುದು ಎಂಬುದು ನಿಮ್ಮ ಫ್ರಿಜ್ಜಿನ ಮೇಲೆ. ಫ್ರೀಜರಿಗೇ ಬೇರೆ ಬಾಗಿಲಿದ್ದು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹೋಗುವಂತಿದ್ದರೆ ಎರಡು ಮೂರು ತಿಂಗಳು ರುಚಿ ಕೆಡದು. ಒಂದೇ ಬಾಗಿಲಿನ ಫ್ರಿಜ್ಜಿನ ಚಿಕ್ಕ ಐಸ್ ಖಾನೆ ಸಾಮಾನ್ಯವಾಗಿ ಅಷ್ಟು ಕೊರೆಯುವುದಿಲ್ಲ, ಅದಕ್ಕೆ ಹತ್ತು ಹದಿನೈದು ದಿನದ ಲೆಕ್ಕ ಇಟ್ಟುಕೊಳ್ಳಿ. ಬಾಗಿಲ ಮೇಲೆ ಅಂಟಿಸಿರುವ ನಕ್ಷತ್ರಗಳನ್ನು ನೋಡಿ ಮೋಸ ಹೋಗಬೇಡಿ, ಅವು ವಿದ್ಯುತ್ ಉಳಿತಾಯದ ಗುರುತು, ಚಳಿಯದಲ್ಲ. ಡಬ್ಬಿಯನ್ನು ಕಂಠದವರೆಗೆ ತುಂಬಬೇಡಿ, ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ, ಗಾಜಿನ ಬಾಟಲಿ ಒಡೆದೇಹೋದೀತು. ಹೆಸರು, ತಾರೀಖು ಬರೆದು ಅಂಟಿಸುವುದನ್ನು ಮಾತ್ರ ಮರೆಯಬೇಡಿ. ಹೆಪ್ಪುಗಟ್ಟಿದ ಮೇಲೆ ಹುಳಿಗೂ ಗೊಜ್ಜಿಗೂ ಒಂದೇ ಮುಖ.

ನಮ್ಮ ಎದುರು ಮನೆಯಾಕೆ ಮಗಳ ಬಾಣಂತನಕ್ಕೆ ಪುಣೆಗೆ ಹೊರಟಾಗ ಒಂದೂವರೆ ತಿಂಗಳ ಪ್ರಶ್ನೆ ಎದುರಾಯಿತು. ಮನೆಯಲ್ಲಿ ಉಳಿಯುವವರು ಗಂಡ ಮತ್ತು ಡಿಗ್ರಿ ಓದುವ ಮಗ. ಗಂಡನಿಗೆ ಸಕ್ಕರೆ ಕಾಯಿಲೆ, ದಿನಾ ಹೋಟೆಲ್ ಊಟ ಆಗದು. ಆಕೆ ಮೂರು ವಾರ ಮೊದಲೇ ಶುರು ಮಾಡಿದರು. ಪ್ರತ್ಯೇಕ ಕೂತು ಮಾಡಲಿಲ್ಲ, ದಿನಾ ಮಾಡುವುದನ್ನೇ ಇಮ್ಮಡಿ ಮಾಡಿ ಅರ್ಧ ಒಳಗಿಟ್ಟರು. ಹೊರಡುವ ಮುನ್ನ ಗಂಡನನ್ನು ಒಲೆಯ ಮುಂದೆ ನಿಲ್ಲಿಸಿ, ಅನ್ನ ಮಾಡುವುದು, ತರಕಾರಿ ಹೆಚ್ಚುವುದು, ಸಾಸಿವೆ ಸಿಡಿದ ಮೇಲೆ ಇಂಗು ಹಾಕುವುದು, ಇಷ್ಟನ್ನು ಒಂದು ವಾರ ಅವರ ಕೈಯಿಂದಲೇ ಮಾಡಿಸಿದರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಒಂದು ಲೋಟ ಕಾಫಿ ಬೆರೆಸದ ಮನುಷ್ಯ. ಡಬ್ಬಿಗಳು ಮುಗಿದದ್ದು ಐದನೇ ವಾರಕ್ಕೆ. ಆಕೆ ವಾಪಸಾಗುವ ಹೊತ್ತಿಗೆ ಅವರು ಬೇಳೆ ಬೇಯಿಸಿ ಸಾರು ಮಾಡುತ್ತಿದ್ದರು. ಉಪ್ಪು ಸ್ವಲ್ಪ ಮುಂದಂತೆ.

ಇದನ್ನು ಯಾಕೆ ಹೇಳಿದೆನೆಂದರೆ, ಈಚೆಗೆ ಹಲವರು ಭಾನುವಾರ ಇಡೀ ದಿನ ನಿಂತು ವಾರದ ಅಡುಗೆ ಮಾಡಿಡುತ್ತಾರೆ. ಆರು ದಿನ ಕಚೇರಿ, ಏಳನೆಯ ದಿನ ಒಲೆ! ವಾರಕ್ಕೆ ಸಿಗುವ ಒಂದು ರಜೆಯನ್ನೂ ನುಂಗಿದರೆ ಇದು ಯಾತರ ಉಪಕಾರ? ಹೇಗೂ ಕುದಿಯುವ ಪಾತ್ರೆಯಲ್ಲಿ ಒಂದು ಪಾವು ಹೆಚ್ಚಿಗೆ ಹಾಕಿದರೆ ಸಾಕು. ಎರಡು ವಾರದಲ್ಲಿ ಖಾನೆ ತಾನೇ ತುಂಬುತ್ತದೆ. ತೆಗೆದು ಬಿಸಿ ಮಾಡುವ ಕೆಲಸ ನಿಮ್ಮದೇ ಆಗಬೇಕೆಂದೇನೂ ಇಲ್ಲ, ಚೀಟಿ ಓದಲು ಮನೆಯಲ್ಲಿ ಎಲ್ಲರಿಗೂ ಬರುತ್ತದೆ. ಮಡಿಯ ದಿನಗಳಲ್ಲಿ, ಶ್ರಾದ್ಧ, ವ್ರತಗಳಲ್ಲಿ ಇದು ಬೇಡ ಅನ್ನುವ ಮನೆಗಳಲ್ಲಿ ಅವರ ಮನಸ್ಸು ನೋಯಿಸುವುದೂ ಬೇಡ. ಉಳಿದ ದಿನಗಳು ಬೇಕಾದಷ್ಟಿವೆ.

ಕರಗಿಸುವುದು ಹೇಗೆಂದರೆ, ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಖಾನೆಗೆ ಇಳಿಸಿಡಿ, ಕಟ್ಟೆಯ ಮೇಲಲ್ಲ. ಬರಿದೇ ಬೆಚ್ಚಗೆ ಮಾಡದೆ ಮರಳುವಂತೆ ಕುದಿಸಿ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ.

ಇನ್ನು ಕರೆಂಟಿನ ಮಾತು. ತುಂಬಿದ ದೊಡ್ಡ ಫ್ರೀಜರ್, ಬಾಗಿಲು ತೆಗೆಯದಿದ್ದರೆ, ಸುಮಾರು 48 ಗಂಟೆ ಚಳಿ ಹಿಡಿದಿಡುತ್ತದೆ. ಅರ್ಧ ತುಂಬಿದ್ದರೆ 24 ಗಂಟೆ. ಚಿಕ್ಕ ಐಸ್ ಖಾನೆಯನ್ನು ಅಷ್ಟು ನಂಬಬೇಡಿ. ಊರಿಗೆ ಹೋಗುವವರು ಒಂದು ಬಟ್ಟಲಿನಲ್ಲಿ ನೀರು ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಇಟ್ಟಲ್ಲೇ ಇದ್ದರೆ ಒಳಗಿನದು ಕ್ಷೇಮ. ಬಟ್ಟಲಿನ ತಳ ಸೇರಿದ್ದರೆ, ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ನೋಡಲು ಚೆನ್ನಾಗಿದೆಯಲ್ಲ ಎಂದು ಆಸೆಪಡದೆ ಅಷ್ಟನ್ನೂ ಚೆಲ್ಲಿಬಿಡಿ.